ಸೊಸೆಗಿಟ್ಟ ಹೆಪ್ಪು, ಒಲೆ ಹಚ್ಚದ ತಿಂಡಿ

ವೆನೆತಾ: ಒಂದೇ ಮಾತು ಕೇಳ್ತೀನಿ, ನೆಟ್ಟಗೆ ಹೇಳು. ಆ ಮಣ್ಣಿನ ಗಡಿಗೆ ಖಾಲಿ ಮಾಡಿದ್ದು ನೀನೋ, ಇಲ್ಲಾ ನಮ್ಮ ಫ್ರಿಜ್ಜಿಗೇ ಬಾಯಿ ಬಂದಿದೆಯೋ?

ಗಾಂಚೋ: ಖಾಲಿ ಮಾಡಿದೆ ಅಂತ ಯಾಕಂತೀಯ? ಬಳಸಿದೆ ಅನ್ನು. ನಾನು ತಿಂಡಿ ಮಾಡಿದೀನಿ.

ವೆನೆತಾ: ನೀನು.

ಗಾಂಚೋ: ನಾನೇ. ಒಲೆ ಹಚ್ಚಿಲ್ಲ, ಬಾಣಲೆ ಇಟ್ಟಿಲ್ಲ. ಐದೇ ನಿಮಿಷ.

ಮದುವೆಯಾದ ಮೂವತ್ತೆರಡು ವರ್ಷಗಳಲ್ಲಿ ಗಾಂಚೋ ಅಡುಗೆಮನೆಯಲ್ಲಿ ಸ್ವಂತ ಕೈಯಿಂದ ಮಾಡಿದ ಪದಾರ್ಥ ಗಲಾಟೆಯೊಂದೇ. ಲೋವೆಚ್ ಊರಿನ ಬಸ್ಸುಗಳನ್ನು ಮೂವತ್ತು ವರ್ಷ ಓಡಿಸಿ ನಿವೃತ್ತನಾದ ಈ ಮನುಷ್ಯನಿಗೆ ಡಾಕ್ಟರು ಹೋದ ವಾರವಷ್ಟೇ ಬನಿತ್ಸಾ ಬಿಡಿಸಿದ್ದರು. ಪದರ ಪದರದಲ್ಲೂ ಬೆಣ್ಣೆ, ಒಳಗೆ ಚೀಸ್ ತುಂಬಿದ ಬನಿತ್ಸಾ ಇಲ್ಲದ ಬೆಳಗು ಅವನಿಗೆ ಬೆಳಗೇ ಅಲ್ಲ. ಅದರ ಬದಲು ಮೊಸರು, ಹಣ್ಣು, ಜೇನು ತಿನ್ನಿ ಎಂದಿದ್ದರು. ಈಗ ಮೇಜಿನ ಮೇಲೆ ಎರಡು ಸ್ಫಟಿಕದ ಲೋಟಗಳಿದ್ದವು. ಒಂದು ನೆಕ್ಕಿ ನೆಕ್ಕಿ ಹೊಳೆಯುತ್ತಿತ್ತು. ಇನ್ನೊಂದರ ಬುಡದಲ್ಲಿ ಗಟ್ಟಿ ಮೊಸರು, ಅದರ ಮೇಲೆ ಹೆಚ್ಚಿದ ಸ್ಟ್ರಾಬೆರಿ, ಮತ್ತೆ ಮೊಸರು, ಬೀಜ ತೆಗೆದ ಚೆರ್ರಿ, ಅಕ್ರೋಟಿನ ಚೂರು, ತುದಿಗೆ ಜೇನು.

ಗಾಂಚೋ: ಆ ತುಂಬಿದ್ದು ನಿನ್ನದು. ನಿನಗೂ ಮಾಡಿದೆ. ಗಂಡ ತಿಂಡಿ ಮಾಡಿಕೊಟ್ಟ ಅಂತ ಪಕ್ಕದ ಮನೆಯವರಿಗೆಲ್ಲ ಹೇಳ್ಕೋ.

ವೆನೆತಾ: ಹೇಳ್ಕೋತೀನಿ. ಅಂತ್ಯಕ್ರಿಯೆಗೆ ಬಂದವರಿಗೆಲ್ಲ ಹೇಳ್ಕೋತೀನಿ. ಗಾಂಚೋ, ಆ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ, ಅದರ ಮೇಲೆ ಕೆಂಪು ದಾರ ಸುತ್ತಿದ್ದೆ. ನೋಡಲಿಲ್ವಾ?

ಗಾಂಚೋ: ನೋಡಿದೆ. ನನಗೆ ಉಡುಗೊರೆ ಇಟ್ಟಿದೀಯ ಅಂದ್ಕೊಂಡೆ.

ವೆನೆತಾ: ಮೂವತ್ತು ವರ್ಷ ಬಸ್ ಓಡಿಸಿದೀಯ. ಕೆಂಪು ಕಂಡ್ರೆ ನಿಲ್ಲಿಸ್ಬೇಕು ಅನ್ನೋದು ಮರೆತುಹೋಯ್ತಾ?

ಗಾಂಚೋ: ದಾರಿಯ ಕೆಂಪು ಬೇರೆ, ದಾರದ ಕೆಂಪು ಬೇರೆ. ಒಂದು ಗಡಿಗೆ ಮೊಸರಿಗೆ ಇಷ್ಟು ಕೂಗಾಡ್ತಾರಾ? ಕೆಳಗೆ ಅಂಗಡಿ ಇದೆ, ಹತ್ತು ಡಬ್ಬಿ ತರ್ತೀನಿ.

ವೆನೆತಾ: ಅದು ಮೊಸರಲ್ಲ. ಹೆಪ್ಪು.

ಗಾಂಚೋ ಎದ್ದು ನಿಂತವನು ಮತ್ತೆ ಕುಳಿತ.

ಗಾಂಚೋ: ಯಾವ ಹೆಪ್ಪು?

ವೆನೆತಾ: ಯಾವುದು ಅಂದ್ರೆ? ನಮ್ಮ ಮದುವೆ ಆದ ವಾರ ನಿಮ್ಮಮ್ಮ ನನ್ನ ಕೈಗೆ ಕೊಟ್ಟ ಹೆಪ್ಪು. ಅತ್ತೆಯಿಂದ ಸೊಸೆಗೆ, ಸೊಸೆಯಿಂದ ಅವಳ ಸೊಸೆಗೆ. ಬೇರೆ ಯಾರಿಗೂ ಒಂದು ಚಮಚ ಕೊಡಕೂಡದು ಅಂತ ದೇವರ ಐಕನ್ ಪಟದ ಮುಂದೆ ಮೇಣದ ಬತ್ತಿ ಹಚ್ಚಿ ಆಣೆ ಹಾಕಿಸಿದ್ರಲ್ಲ, ಆ ಹೆಪ್ಪು. ನಮ್ಮ ಮಗ ಕಾಮೆನ್ ಮದುವೆ ಊಟಕ್ಕೆ ಮೊಸರೆಲ್ಲ ಖರ್ಚಾಯ್ತು. ಇವತ್ತಿಗೆ ಅಂತಲೇ ಅದೊಂದು ಗಡಿಗೆ ತೆಗೆದಿಟ್ಟಿದ್ದೆ. ಮಧ್ಯಾಹ್ನ ಹೊಸ ಸೊಸೆ ಊಟಕ್ಕೆ ಬರ್ತಾಳೆ. ನಿಮ್ಮಮ್ಮ ಹಳ್ಳಿಯಿಂದ ಬಸ್ಸಲ್ಲಿ ಬಂದು ತಮ್ಮ ಕೈಯಾರೆ ಅವಳಿಗೆ ಹೆಪ್ಪು ಕೊಡ್ತಾರೆ. ನಾಳೆ ಆ ಹುಡುಗಿ ಅದನ್ನ ತಗೊಂಡು ವಾರ್ನಾಕ್ಕೆ ಹೋಗ್ತಾಳೆ. ಇದೆಲ್ಲ ನಿನಗೆ ನೆನ್ನೆ ರಾತ್ರಿ ಹೇಳಿದೆ.

ಗಾಂಚೋ: ನೆನ್ನೆ ರಾತ್ರಿ ಫುಟ್‌ಬಾಲ್ ಇತ್ತು.

ವೆನೆತಾ: ಹೂಂ ಅಂದೆ.

ಗಾಂಚೋ: ಹೂಂ ಅಂದದ್ದು ಗೋಲಿಗೆ.

ವೆನೆತಾ ಕುರ್ಚಿಯ ಮೇಲೆ ಕುಸಿದಳು. ಮರುಕ್ಷಣವೇ ಏನೋ ಹೊಳೆದು ಎದ್ದಳು.

ವೆನೆತಾ: ಗಡಿಗೆ ಎಲ್ಲಿ? ಅಂಚಲ್ಲಿ ಒಂಚೂರು ಅಂಟಿರುತ್ತೆ. ಅಷ್ಟು ಸಾಕು.

ಗಾಂಚೋ: ತೊಳೆದೆ.

ವೆನೆತಾ: ಏನು ಮಾಡಿದೆ?

ಗಾಂಚೋ: ಸೋಪು ಹಾಕಿ ತೊಳೆದೆ. ಬಿಸಿನೀರಲ್ಲಿ. ನೀನು ಖುಷಿ ಪಡ್ತೀಯ ಅಂತ.

ವೆನೆತಾ: ಮೂವತ್ತೆರಡು ವರ್ಷದಲ್ಲಿ ಒಂದು ಲೋಟ ತೊಳೆದವನಲ್ಲ. ಇವತ್ತೇ ತೊಳೀಬೇಕಿತ್ತಾ?

ಗಾಂಚೋ: ಮಾಡಿದ್ರೂ ತಪ್ಪು, ಮಾಡದಿದ್ರೂ ತಪ್ಪು. ಮೊಸರಲ್ಲಿ ಕಲ್ಲು ಹುಡುಕೋದು ಅಂದ್ರೆ ಇದೇ.

ಆದರೆ ವೆನೆತಾ ಆಗಲೇ ತುಂಬಿದ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಮೊಸರಲ್ಲಿ ನಿಜವಾಗಿಯೂ ಏನನ್ನೋ ಹುಡುಕುತ್ತಿದ್ದಳು.

ವೆನೆತಾ: ಅಲ್ಲಿ ಕಾಣ್ತಿರೋದು ಕಲ್ಲಾ?

ಗಾಂಚೋ: ಅಕ್ರೋಟು.

ವೆನೆತಾ: ಬುಡದಲ್ಲಿರೋ ಮೊಸರು ಇನ್ನೂ ಬೆಳ್ಳಗಿದೆ. ಜೇನು ಅಲ್ಲೀವರೆಗೆ ಇಳಿದಿಲ್ಲ. ಮೇಲಿಂದ ಒಂದೊಂದೇ ಪದರ ತೆಗೆದು ಹೋದ್ರೆ ಒಂದು ಚಮಚ ಶುದ್ಧ ಹೆಪ್ಪು ಸಿಗುತ್ತೆ.

ಗಾಂಚೋ: ಸ್ಟ್ರಾ ಹಾಕಿ ಹೀರಿದ್ರೆ?

ವೆನೆತಾ: ಹೀರಿದ್ದು ನಿನ್ನ ಬಾಯಿಗೆ ಹೋಗುತ್ತೆ. ಆ ದಾರಿ ನನಗೆ ಗೊತ್ತು, ವಾಪಸು ಬರಲ್ಲ.

ಗಾಂಚೋ: ಸ್ವಲ್ಪ ಸ್ಟ್ರಾಬೆರಿ ಬೆರೆತರೆ ಏನಾಯ್ತು? ಮೊಸರು ಹುಟ್ಟೋದು ಗುಲಾಬಿ ಬಣ್ಣದಲ್ಲಿ. ಹೊಸ ಮದುವಣಗಿತ್ತಿ, ಚೆನ್ನಾಗೇ ಇರುತ್ತೆ.

ವೆನೆತಾ: ನಿಮ್ಮಮ್ಮ ಮೊಸರು ನಾಲಿಗೆಗೆ ಮುಟ್ಟಿಸಿ, ಕುರಿ ಬೆಟ್ಟದ ಯಾವ ಮಗ್ಗುಲಲ್ಲಿ ಮೇಯ್ತು ಅಂತ ಹೇಳೋ ಹೆಂಗಸು. ಅವರಿಗೆ ಗುಲಾಬಿ ಮೊಸರು ಕೊಟ್ಟು ನೋಡು. ಆಮೇಲೆ ಈ ಮನೇಲಿ ನಾನು ತಲೆ ಎತ್ತಿ ಓಡಾಡೋ ಹಾಗಿಲ್ಲ. ಹೆಪ್ಪು ಕಾಯೋಕಾಗದವಳು ಮನೆ ಏನು ಕಾಯ್ತಾಳೆ ಅಂತಾರೆ. ಈ ಲೋಟ ಮುಟ್ಟಬೇಡ. ಇದರ ಮೇಲೆ ಉಸಿರೂ ಬಿಡಬೇಡ. ಮಹಡಿ ಮೇಲಿನ ಸಾಮಾನು ಕೋಣೆಯಿಂದ ಸಣ್ಣ ಜರಡಿ ತರ್ತೀನಿ. ನಿಮ್ಮಮ್ಮನ ಬಸ್ಸು ಬರೋದು ಹನ್ನೊಂದಕ್ಕೆ, ಇನ್ನೂ ಒಂದೂವರೆ ಗಂಟೆ ಇದೆ.

ಅವಳು ಮೆಟ್ಟಿಲು ಹತ್ತಿದ ಸದ್ದು ಅಡಗುವ ಮೊದಲೇ ಬಾಗಿಲ ಗಂಟೆ ಹೊಡೆದುಕೊಂಡಿತು. ಕಪ್ಪು ತಲೆವಸ್ತ್ರ, ಕೈಯಲ್ಲೊಂದು ಬುಟ್ಟಿ, ಎಂಬತ್ತೊಂಬತ್ತರಲ್ಲೂ ಬಗ್ಗದ ಬೆನ್ನು. ಗಾಂಚೋನ ತಾಯಿ ರುಸಾ ಅಜ್ಜಿ.

ರುಸಾ ಅಜ್ಜಿ: ಪಾದ್ರಿಯ ಕಾರು ಈ ಕಡೆ ಬರ್ತಿತ್ತು, ಹತ್ತಿಬಿಟ್ಟೆ. ದಾರಿಯುದ್ದಕ್ಕೂ ಉಪವಾಸದ ಮಹಿಮೆ ಹೇಳಿದ. ಹೊಟ್ಟೆ ಚುರುಗುಟ್ಟಿ ಸತ್ತೆ. ತಿನ್ನೋಕೆ ಏನಿದೆ?

ಗಾಂಚೋ: ಬ್ರೆಡ್ಡಿದೆ ಅಮ್ಮ. ಬ್ರೆಡ್ಡು ತಿನ್ನು.

ರುಸಾ ಅಜ್ಜಿ: ಆ ಲೋಟದಲ್ಲಿ ಏನೋ ಅದು?

ಇಲ್ಲಿ ಗಾಂಚೋ ಸುಳ್ಳು ಹೇಳಬಹುದಿತ್ತು. ಔಷಧಿ ಎನ್ನಬಹುದಿತ್ತು, ಬಣ್ಣ ಎನ್ನಬಹುದಿತ್ತು. ಆದರೆ ಬೆಳಗಿನಿಂದ ಅವನ ತಿಂಡಿಯ ಬಗ್ಗೆ ಒಬ್ಬರೂ ಒಂದು ಒಳ್ಳೆಯ ಮಾತಾಡಿರಲಿಲ್ಲ.

ಗಾಂಚೋ: ತಿಂಡಿ. ನಾನೇ ಮಾಡಿದ್ದು.

ರುಸಾ ಅಜ್ಜಿ: ನೀನಾ? ಯಾಕೆ, ವೆನೆತಾ ಮನೆ ಬಿಟ್ಟು ಹೋದಳಾ?

ಗಾಂಚೋ: ಇಲ್ಲ, ಇನ್ನೂ ಇಲ್ಲ. ಅಮ್ಮ, ಅದನ್ನ ತೆಗೀಬೇಡ, ಅದು...

ರುಸಾ ಅಜ್ಜಿ: ಹೆತ್ತವಳಿಗೆ ಕೊಡೋಕೆ ಹಿಂದೆ ಮುಂದೆ ನೋಡ್ತೀಯಾ? ಮೊಸರಿಗೆ ಬೆಳ್ಳುಳ್ಳಿ ಹಾಕಿದೀನಿ, ಸೌತೆಕಾಯಿ ಹಾಕಿದೀನಿ, ಉಪ್ಪು ಹಾಕಿದೀನಿ. ಹಣ್ಣು ಹಾಕಿದೋರನ್ನ ಕಂಡಿಲ್ಲ. ಬೇಯಿಸದ್ದನ್ನ ತಿಂಡಿ ಅಂತಾರಾ? ಒಂದು ಚಮಚ ನೋಡೋಣ.

ಒಂದು ಚಮಚ ನೋಡಿದಳು. ಎರಡನೆಯದನ್ನು ನೋಡಲಿಲ್ಲ, ನುಂಗಿದಳು. ಮೂರನೆಯದರಿಂದ ಮುಂದಕ್ಕೆ ಲೆಕ್ಕ ಸಿಗಲಿಲ್ಲ. ಗಾಂಚೋಗೆ ಭಯ ಒಂದು ಕಡೆ, ಹೆಮ್ಮೆ ಒಂದು ಕಡೆ. ಚೆನ್ನಾಗಿದೆಯಾ ಎಂದು ಕೇಳಿದ. ತಾಯಿ ಬಾಯಿ ತುಂಬಿಕೊಂಡೇ, ಅಲ್ಲಿನವರ ರೂಢಿಯಂತೆ ಹೌದೆಂದು ತಲೆಯನ್ನು ಅಡ್ಡಡ್ಡ ಆಡಿಸಿದಳು. ಕೊನೆಗೆ ಬ್ರೆಡ್ಡಿನ ತುಂಡಿನಿಂದ ಲೋಟದ ಒಳಗೋಡೆಯನ್ನೆಲ್ಲ ಒರೆಸಿ, ಅದನ್ನೂ ಬಾಯಿಗೆ ಹಾಕಿಕೊಂಡಳು.

ಜರಡಿ ಹಿಡಿದ ವೆನೆತಾ ಬಾಗಿಲಲ್ಲಿ ನಿಂತಿದ್ದಳು.

ರುಸಾ ಅಜ್ಜಿ: ಬಾ ಮಗಳೇ. ಈ ಪೆದ್ದನಿಗೆ ಇಷ್ಟು ವರ್ಷಕ್ಕೆ ಬುದ್ಧಿ ಬಂತು. ಅದೇನು, ಕೈಯಲ್ಲಿ ಜರಡಿ?

ವೆನೆತಾ: ಏನಿಲ್ಲ ಅಮ್ಮ. ಇನ್ನು ಇದಕ್ಕೆ ಕೆಲಸ ಇಲ್ಲ.

ರುಸಾ ಅಜ್ಜಿ: ಹಾಗಾದ್ರೆ ಹೆಪ್ಪಿನ ಗಡಿಗೆ ತಾ. ಹುಡುಗಿ ಬರೋಕೆ ಮುಂಚೆ ಒಂದು ಸಲ ನೋಡಿಬಿಡ್ತೀನಿ.

ಗಂಡ ಹೆಂಡತಿಯನ್ನು ನೋಡಿದ, ಹೆಂಡತಿ ಜರಡಿಯನ್ನು ನೋಡಿದಳು.

ಗಾಂಚೋ: ಅಮ್ಮ, ತಪ್ಪು ನಂದು. ಇವಳದೇನಿಲ್ಲ. ಆ ಹೆಪ್ಪಲ್ಲೇ ನಾನು ತಿಂಡಿ ಮಾಡಿಬಿಟ್ಟೆ. ಅರ್ಧ ನಾನು ತಿಂದೆ.

ರುಸಾ ಅಜ್ಜಿ: ಉಳಿದರ್ಧ?

ಗಾಂಚೋ: ಚೆನ್ನಾಗಿದೆ ಅಂತ ನೀನೇ ತಲೆ ಆಡಿಸಿದೆಯಲ್ಲ.

ಮುದುಕಿ ಲೋಟವನ್ನು ಎತ್ತಿ ನೋಡಿದಳು. ತಲೆಕೆಳಗು ಮಾಡಿದಳು. ಒಂದು ಹನಿಯೂ ಬೀಳಲಿಲ್ಲ. ಆಮೇಲೆ ಲೋಟವನ್ನು ಮಗುವನ್ನು ಮಲಗಿಸುವಂತೆ ನಿಧಾನವಾಗಿ ಮೇಜಿನ ಮೇಲಿಟ್ಟು, ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು.

ರುಸಾ ಅಜ್ಜಿ: ಅರವತ್ತೆಂಟು ವರ್ಷ. ಬರಗಾಲದಲ್ಲಿ ಒಂದೇ ಮೇಕೆ ಇದ್ದಾಗಲೂ ಕಾಪಾಡಿದೆ. ಕೊನೆಗೆ ನನ್ನ ಹೊಟ್ಟೇಲೇ ಮುಗೀತು. ಆ ಹುಡುಗಿ ಬಂದ್ರೆ ಬರಿಗೈ ಹೇಗೆ ತೋರಿಸ್ಲಿ?

ವೆನೆತಾ ಬೈಗುಳಕ್ಕೆ ಸಿದ್ಧಳಾಗಿದ್ದಳು. ಕಣ್ಣೀರಿಗೆ ಸಿದ್ಧಳಾಗಿರಲಿಲ್ಲ.

ವೆನೆತಾ: ಮುಗಿದಿಲ್ಲ ಅಮ್ಮ.

ಗಾಂಚೋ: ಮುಗಿದಿದೆ. ಗಡಿಗೆ ನಾನೇ ತೊಳೆದೆ.

ವೆನೆತಾ: ನೀನು ಸುಮ್ನಿರು. ಅಮ್ಮ, ಆರನೇ ಮಹಡೀಲಿ ಸ್ತೋಯ್ಕಾ ಅಂತ ಇದಾಳೆ. ಮೂರು ವರ್ಷದ ಹಿಂದೆ ಅವಳಿಗೆ ಆಪರೇಷನ್ ಆಗಿ, ಏನು ತಿಂದ್ರೂ ಹೊಟ್ಟೇಲಿ ನಿಲ್ತಿರ್ಲಿಲ್ಲ. ನಮ್ಮ ಮೊಸರು ನಿಂತಿತು. ದಿನಾ ಕೊಡೋಕಾಗಲ್ವಲ್ಲ, ಅದಕ್ಕೆ... ಒಂದು ಚಮಚ ಹೆಪ್ಪು ಕೊಟ್ಟೆ.

ಗಾಂಚೋ: ಆಣೆ ಹಾಕಿದ ಹೆಪ್ಪು. ಹೊರಗಿನವರಿಗೆ.

ವೆನೆತಾ: ಒಂದೇ ಚಮಚ.

ರುಸಾ ಅಜ್ಜಿ: ಅವಳೊಬ್ಬಳಿಗೇನಾ?

ವೆನೆತಾ: ಮೂರನೇ ಮಹಡಿಯ ಬಾಣಂತಿಗೂ ಒಂಚೂರು. ಆ ಹಲ್ಲಿನ ಡಾಕ್ಟರ ಹೆಂಡತಿ ತುಂಬ ಕೇಳ್ಕೊಂಡಳು. ಲಿಫ್ಟು ರಿಪೇರಿಯವನು ದುಡ್ಡು ಬೇಡ ಅಂದ, ಅವನಿಗೆ...

ಗಾಂಚೋ: ನಾನು ಒಂದು ಲೋಟ ತಿಂದದ್ದಕ್ಕೆ ಬೆಳಗಿಂದ ಬೈಸ್ಕೊಂಡೆ. ಇವಳು ಇಡೀ ಕಟ್ಟಡಕ್ಕೇ ಹೆಪ್ಪು ಹಾಕಿದಾಳೆ. ನೋಡು ವೆನೆತಾ, ಮೇಲೊಂದು ಗಡಿಗೆ ಇದೆ ಅಂತ ಗೊತ್ತಿದ್ದೂ ನನ್ನ ಪ್ರಾಣ ತೆಗೆದೆಯಲ್ಲ?

ವೆನೆತಾ: ಹೇಳಿದ್ರೆ ನನ್ನ ಗುಟ್ಟು ಬಯಲಾಗ್ತಿತ್ತು.

ಗಾಂಚೋ: ಅದಕ್ಕೆ ನನ್ನನ್ನ ಜರಡಿ ಹಿಡಿಯೋಣ ಅಂತ.

ವೆನೆತಾ ಅತ್ತೆಯ ಮುಂದೆ ತಲೆ ತಗ್ಗಿಸಿ ನಿಂತಳು. ರುಸಾ ಅಜ್ಜಿ ಎದ್ದು ಹೋಗಿ ಅಡುಗೆಮನೆಯ ಬಾಗಿಲು ಮುಚ್ಚಿದಳು. ಕಿಟಕಿಯನ್ನೂ ಮುಚ್ಚಿದಳು. ಆಮೇಲೆ ದನಿ ತಗ್ಗಿಸಿದಳು.

ರುಸಾ ಅಜ್ಜಿ: ಇವರಲ್ಲಿ ನಮ್ಮ ಹಳ್ಳಿಯವರು ಯಾರಾದ್ರೂ ಇದಾರಾ?

ವೆನೆತಾ: ಇಲ್ಲ ಅಮ್ಮ. ಯಾಕೆ?

ರುಸಾ ಅಜ್ಜಿ: ಗೆನಾ ಮನೆತನದವರು? ಮೊಮ್ಮಕ್ಕಳು, ಮರಿಮಕ್ಕಳು, ನಾದಿನಿಯ ಕಡೆಯವರು?

ಗಾಂಚೋ: ಗೆನಾ ಅಂದ್ರೆ ನಮ್ಮ ಪಕ್ಕದ ಮನೆ ಗೆನಾ ಅಜ್ಜಿನಾ? ಬೇಲಿ ಆಚೆಯವಳು?

ರುಸಾ ಅಜ್ಜಿ: ಮೆಲ್ಲಗೆ ಮಾತಾಡೋ. ನಾನು ಮದುವೆಯಾಗಿ ಬಂದಾಗ ನಮ್ಮ ಹಳ್ಳಿ ಮನೆ ಮೊಸರು ನೀರು ನೀರು, ಎತ್ತಿದ್ರೆ ನೂಲು ನೂಲು. ನಿಮ್ಮಪ್ಪ ಮುಖ ಹುಳಿ ಮಾಡ್ಕೊಂಡು ತಿಂತಿದ್ದ. ಗೆನಾ ಮನೆ ಮೊಸರನ್ನ ಕರವಸ್ತ್ರದಲ್ಲಿ ಕಟ್ಕೊಂಡು ಹೋಗ್ಬಹುದಿತ್ತು, ಅಷ್ಟು ಗಟ್ಟಿ. ಕೇಳಿದೆ, ಕೊಡಲಿಲ್ಲ. ಭಾನುವಾರ ಅವಳು ಚರ್ಚಿಗೆ ಹೋದಳು. ನಾನು ತಲೆನೋವು ಅಂತ ಮನೇಲಿ ಉಳಿದೆ. ಬೇಲಿ ಹಾರೋಕೆ ಆಗಿನ್ನೂ ಕಾಲಿತ್ತು. ದ್ರಾಕ್ಷಿ ಎಲೇಲಿ ಒಂದು ಚಮಚ ಸುತ್ಕೊಂಡು ಬಂದೆ.

ವೆನೆತಾ: ಕದ್ದು?

ರುಸಾ ಅಜ್ಜಿ: ಮಾರನೇ ದಿನ ಮೊಸರು ಕಲ್ಲಿನ ಹಾಗೆ ನಿಂತಿತು. ಸೊಸೆಯ ಕೈಗುಣ ಅಂದಳು ನಮ್ಮತ್ತೆ. ಕೈಗುಣವೇ ಅದು, ಸುಳ್ಳೇನಲ್ಲ.

ಗಾಂಚೋ: ಮತ್ತೆ ಆ ಆಣೆ? ಅತ್ತೆಯಿಂದ ಸೊಸೆಗೆ, ಹೊರಗಿನವರಿಗೆ ಕೊಡಕೂಡದು ಅನ್ನೋ ಸಂಪ್ರದಾಯ?

ರುಸಾ ಅಜ್ಜಿ: ಹೊರಗೆ ಹೋಗಿ, ಕೈ ಬದಲಾಗಿ, ಗೆನಾಳ ನಾಲಿಗೆಗೆ ತಾಗಿದ್ರೆ? ತನ್ನ ಮನೇದು ಅಂತ ಒಂದೇ ಚಮಚಕ್ಕೆ ಹಿಡೀತಿದ್ದಳು. ಅದಕ್ಕೇ ಸಂಪ್ರದಾಯ ಮಾಡಿದೆ.

ವೆನೆತಾ ಮೆಲ್ಲಗೆ ತಲೆ ಎತ್ತಿದಳು. ಮೂವತ್ತೆರಡು ವರ್ಷ ಅವಳು ಹೆದರಿದ್ದ ಮುಖ ಈಗ ಅವಳ ಮುಖದಷ್ಟೇ ಕೆಂಪಾಗಿತ್ತು. ಒಬ್ಬಳು ನಕ್ಕಳು, ಇನ್ನೊಬ್ಬಳು ಬಾಯಿಗೆ ತಲೆವಸ್ತ್ರ ಒತ್ತಿಕೊಂಡಳು. ಗಾಂಚೋ ಮಾತ್ರ ಒಂದು ಲೋಟ ಮೊಸರು ತಿಂದ ಪ್ರಾಮಾಣಿಕನಾಗಿ ಕುಳಿತಿದ್ದ.

ವೆನೆತಾ: ಹಾಗಾದ್ರೆ ಮೇಲೆ ಹೋಗಿ ಸ್ತೋಯ್ಕಾ ಹತ್ರ ಒಂದು ಚಮಚ ಕೇಳ್ಲಾ ಅಮ್ಮ?

ರುಸಾ ಅಜ್ಜಿ: ಕೇಳು, ಹೋಗು. ಈ ಹೆಪ್ಪಿನ ವಂಶದಲ್ಲಿ ಕೇಳಿ ತರೋಳು ನೀನೇ ಮೊದಲು.