ಕುರ್ಚಿಯ ಪರವಾಗಿ, ಭುಜದ ವಿರುದ್ಧವಾಗಿ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವರಿಗೆ ಒಂದು ಕಾಯಿಲೆ ಕೊನೆಯವರೆಗೂ ಉಳಿಯುತ್ತದೆ: ಎದುರಾಳಿ ಸುಮ್ಮನಾದರೆ ಸತ್ಯವೂ ನಮ್ಮ ಕಡೆ ಸೇರಿತೆಂಬ ನಂಬಿಕೆ. ನನಗೆ ಅದರ ಜೊತೆಗೆ ಸವೆದುಹೋದ ಬಲಭುಜವೂ, ವೈದ್ಯರು 'ತೀವ್ರ ಬೊಜ್ಜು' ಎಂದು ಕರೆಯುವ ಶರೀರವೂ ಇವೆ. ನಮಾಜಿನ ಆರಂಭದಲ್ಲಿ ಕೈಗಳನ್ನು ಕಿವಿಯವರೆಗೆ ಎತ್ತಬೇಕು. ನನ್ನ ಬಲಗೈ ಎದೆಯ ಹತ್ತಿರವೇ ನಿಂತು ನರಳುತ್ತಿತ್ತು.

ಕೊರೊನಾ ಕಾಲವಾದ್ದರಿಂದ ಡಚ್ಚರ ನಾಡಿನ ಡೀಮೆನ್ ಊರಿನ ನಮ್ಮ ಫ್ಲಾಟಿನಲ್ಲೇ ಕುಳಿತು ವಿಡಿಯೊ ಕರೆಯಲ್ಲಿ ಸರ್ಜನ್‌ರನ್ನು ಕಂಡೆ. ಡಚ್ಚರಿಗೆ ಮಾತಿಗೆ ಸಕ್ಕರೆ ಬೆರೆಸುವ ಅಭ್ಯಾಸವಿಲ್ಲ. "ಕೀಲು ಬದಲಿಸಿದರೆ ನೋವು ಇಳಿಯುತ್ತದೆ. ಆದರೆ ನಿಮ್ಮ ತೂಕಕ್ಕೆ ಸೋಂಕು ತಗಲುವ, ಕೀಲು ಜಾರುವ ಅಪಾಯ ಹೆಚ್ಚು. ಸ್ವಲ್ಪ ತೂಕ ಇಳಿಸಿ ಬರುತ್ತೀರಾ?" ಎಂದರು ಆಕೆ. ತೂಕವನ್ನು ಮುಂದಿಟ್ಟುಕೊಂಡು ಒಬ್ಬನ ನೋವನ್ನು ಮುಂದೂಡುವುದು ನ್ಯಾಯವೇ ಎಂದು ನಾನು ದೀರ್ಘವಾಗಿ ವಾದಿಸಿದೆ. ಕೊನೆಗೆ ಆಕೆ ಕೇಳಿದ್ದು ಒಂದೇ: "ಆಪರೇಷನ್ ಆದ ಮೇಲೆ ಆ ಕೈ ಊರುವಂತಿಲ್ಲ. ಹೇಗೆ ಎದ್ದೇಳುತ್ತೀರಿ?"

"ಕಾಲಿನಿಂದ," ಎಂದೆ.

ಹಿಂದಿನಿಂದ ನನ್ನ ಹೆಂಡತಿ ಶಾಹೀನ್, "ಸುಳ್ಳು, ಡಾಕ್ಟ್ರೇ! ಇವರು ಏಳೋದೇ ಕೈಯಿಂದ. ಕಾಲು ಸುಮ್ನೆ ಜೊತೆಗೆ ಬರುತ್ತೆ," ಎಂದಳು. ಸರ್ಜನ್ ನಕ್ಕು ಆಪರೇಷನ್‌ಗೆ ಒಪ್ಪಿಕೊಂಡರು. ನಾನು ಗೆದ್ದೆನೆಂದುಕೊಂಡೆ.

ಶಸ್ತ್ರಚಿಕಿತ್ಸೆಯಾಯಿತು, ವರ್ಷಗಳ ನೋವು ನಿಜಕ್ಕೂ ಇಳಿಯಿತು. ಜೋಳಿಗೆಯಂಥ ಪಟ್ಟಿಯೊಳಗಿನ ಕೈ ಹೊಟ್ಟೆಯ ಮೇಲೆ ಮುಂದಕ್ಕೆ ಚಾಚಿಕೊಂಡು, ಸದಾ ಭಾಷಣಕ್ಕೆ ಸಿದ್ಧವಾದಂತಿತ್ತು. ಶಾಹೀನ್ ನಮಾಜಿನ ಚಾಪೆ ಜಾನಮಾಜಿನ ಪಕ್ಕದಲ್ಲಿ ಊಟದ ಕುರ್ಚಿ ತಂದಿಟ್ಟಳು. ಕುರ್ಚಿಯಲ್ಲಿ ಕುಳಿತು ನಮಾಜ್ ಮಾಡುವುದರಲ್ಲಿ ಅವಮಾನವಿಲ್ಲ, ನಮ್ಮ ಪ್ರಾರ್ಥನಾ ಕೊಠಡಿ ಮತ್ತೆ ತೆರೆದಾಗ ಕುರ್ಚಿಗಳಿರಲೇಬೇಕು ಎಂದು ನಮ್ಮ ಸಂಘದಲ್ಲಿ ಸತತವಾಗಿ ಹೋರಾಡುತ್ತಿದ್ದವನು ನಾನೇ. ಆದರೆ ಅದು ವೃದ್ಧರಿಗಾಗಿ, ಅಶಕ್ತರಿಗಾಗಿ ಮಾಡಿದ ಹೋರಾಟ. ನನಗಾಗಿ ಅಲ್ಲವಲ್ಲ! ಶಾಹೀನ್ ತರಕಾರಿಗೆ ಹೋದ ಮಧ್ಯಾಹ್ನ ಕುರ್ಚಿ ಬಿಟ್ಟು ನೆಲದ ಮೇಲೆಯೇ ನಮಾಜಿಗೆ ನಿಂತೆ. ಹಣೆಯನ್ನು ನೆಲಕ್ಕಿಡುವ ಸಜ್ದಾದಿಂದ ಏಳುವಾಗ ಹಳೆಯ ಅಭ್ಯಾಸ ನನ್ನನ್ನು ಕೇಳಲಿಲ್ಲ. ಪಟ್ಟಿಯಿಂದ ಜಾರಿದ ಬಲಗೈ ನೆಲವನ್ನು ಒತ್ತಿತು. ಒಳಗೆ ಏನೋ ಕಳಚಿದಂತಾಯಿತು.

ವಾಪಸ್ ಬಂದ ಶಾಹೀನ್ ಮಾಸ್ಕ್ ತೆಗೆಯದೆಯೇ ಬಾಗಿಲಲ್ಲಿ ನಿಂತು, "ಚೇರ್ ಅಲ್ಲೇ ಇತ್ತಲ್ರೀ..." ಎಂದಳು.

ಜಾರಿದ ಕೀಲನ್ನು ಆಸ್ಪತ್ರೆಯಲ್ಲಿ ಕೂರಿಸಿದರು. ಬಲಗೈ ಎದೆಗಿಂತ ಮೇಲೇರುವುದು ಇನ್ನು ಅನುಮಾನ ಎಂದರು. ನೋವಿಲ್ಲ. ಅಷ್ಟು ಮಾತ್ರ ಉಳಿಯಿತು.

ಕಳೆದ ವಾರ ಸಂಘದ ಆನ್‌ಲೈನ್ ಸಭೆಯಲ್ಲಿ ಕುರ್ಚಿಗಳ ಪ್ರಸ್ತಾಪವನ್ನು ಮಂಡಿಸಿದೆ. ಕುರ್ಚಿಯಲ್ಲಿ ಕುಳಿತೇ ಮಂಡಿಸಿದೆ. ಇಷ್ಟು ಮನಮುಟ್ಟುವಂತೆ ಎಂದೂ ಮಾತಾಡಿರಲಿಲ್ಲ. ಅಧ್ಯಕ್ಷ ಇಲಿಯಾಸ್, ಒಪ್ಪುವವರು ಕೈ ಎತ್ತಿ ಎಂದ. ಪರದೆಯ ತುಂಬ ಕೈಗಳೆದ್ದವು. ನನ್ನ ಎಡಗೈಯಲ್ಲಿ ಫೋನ್ ಇತ್ತು.

"ಎಲ್ಲರದೂ ಒಪ್ಪಿಗೆ, ಒಬ್ಬರನ್ನ ಬಿಟ್ಟು," ಎಂದ ಇಲಿಯಾಸ್. "ಏನ್ ಭಾಯ್, ನಿಮ್ಮ ಪ್ರಸ್ತಾಪಕ್ಕೆ ನೀವೇ ವಿರೋಧನಾ?"