ಪಂಚಮಿ ಹೊತ್ತಿಗೆ ಚೌಕವಾದ ಅಕ್ಷರಗಳು

ಇದನ್ನು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು ಆಕಳಿಸಿ ಸುಮ್ಮನಾಗಿದ್ದೇನೆ. ಇವತ್ತು ಹೇಳಿಯೇ ಬಿಡುತ್ತೇನೆ.

ನಾನು ಬೋರ್ಡು ಬರೆಯುವ ಪೇಂಟರ್. ಓದಿದ್ದು ಹೈಸ್ಕೂಲು. ಸವಣೂರು, ಶಿಗ್ಗಾವಿ, ಹಾನಗಲ್ಲು, ಹಿರೇಕೆರೂರು, ಈ ನಾಲ್ಕೂ ಊರುಗಳಲ್ಲಿ ಒಂದು ಕಾಲಕ್ಕೆ ಕಿರಾಣಿ ಅಂಗಡಿಯಿಂದ ಹಿಟ್ಟಿನ ಗಿರಣಿಯವರೆಗೆ ನನ್ನ ಅಕ್ಷರವೇ. ಕೈ ನಡುಗತೊಡಗಿದ ಮೇಲೆ ಬ್ರಷ್ ಬಿಟ್ಟೆ. ಹೊತ್ತು ಹೋಗಲೆಂದು ಹೆಂಡತಿಯ ತಮ್ಮ ಶಿವಪುತ್ರಪ್ಪ ಒಂದು ಹಳೆಯ ಕಂಪ್ಯೂಟರ್ ತಂದು, ಲಿನಕ್ಸ್ ಹಾಕಿ, ಕನ್ನಡ ಅಕ್ಷರಗಳನ್ನೆಲ್ಲ, ಫಾಂಟ್ ಅನ್ನುತ್ತಾರಂತೆ, ತುಂಬಿಸಿ ಕೊಟ್ಟ. ಅವನು ಮಾಸೂರಿನಲ್ಲಿ ವಿಜ್ಞಾನದ ಮಾಸ್ತರ.

ಎಲ್ಲ ಚೆನ್ನಾಗಿತ್ತು. ಒಂದೇ ಕೊರತೆ. ಬ್ರೌಸರಿನಲ್ಲಿ ಸುದ್ದಿಯ ಪುಟ ತೆರೆದರೆ ಒಳಗಿನ ಅಕ್ಷರ ದುಂಡಗೆ, ಮುದ್ದಾಗಿ ಇರುತ್ತಿತ್ತು. ಮೇಲಿನ ಕನ್ನಡ ಮೆನುವಿನ ಅಕ್ಷರ ಮಾತ್ರ ಜ್ವರ ಬಂದು ಎದ್ದವರ ಹಾಗೆ ಸಣಕಲು! ಸೆಟ್ಟಿಂಗಿಗೆ ಹೋಗಿ ಅಕ್ಷರ ಬದಲಿಸಿದೆ. ಪುಟ ಬದಲಾಯಿತು, ಮೆನು ಬದಲಾಗಲಿಲ್ಲ. ಮತ್ತೆ ಬದಲಿಸಿದೆ. ಪುಟ ಇನ್ನೂ ದಪ್ಪವಾಯಿತು, ಮೆನು ಜಪ್ಪಯ್ಯ ಎನ್ನಲಿಲ್ಲ. ಒಂದೇ ಬೋರ್ಡಿನಲ್ಲಿ ಇಬ್ಬರು ಪೇಂಟರುಗಳ ಕೈ ಕಂಡರೆ ನನಗೆ ಊಟ ಸೇರುವುದಿಲ್ಲ.

ಆಗ ನನ್ನ ತಲೆಗೆ ಒಂದು ಮಹತ್ತರ ವಿಚಾರ ಹೊಳೆಯಿತು. ಸಣಕಲು ಅಕ್ಷರವನ್ನು ಮನೆಯಿಂದಲೇ ಹೊರಹಾಕಿದರೆ ಮೆನು ಎಲ್ಲಿಂದ ತಂದೀತು? ಅಕ್ಷರಗಳಿದ್ದ ಫೋಲ್ಡರ್ ಹುಡುಕಿದೆ. ಯಾವುದು ಸಣಕಲು, ಯಾವುದು ದುಂಡಗಿನದು ಎಂದು ಹೆಸರಿನಿಂದ ತಿಳಿಯಲಿಲ್ಲ. ಎಲ್ಲವನ್ನೂ ತೆಗೆದೆ! ಪುಟದ ಅಕ್ಷರ ಹೇಗೂ ಬರೆದಾಗಿದೆಯಲ್ಲ. ಬೋರ್ಡು ಮುಗಿದ ಮೇಲೆ ಬ್ರಷ್ ಎಸೆದರೆ ಬೋರ್ಡು ಅಳಿಸಿಹೋಗುತ್ತದೆಯೇ?

ಕಸದ ಬುಟ್ಟಿಗೆ ಹಾಕಲೇ ಎಂದು ಯಂತ್ರ ಕೇಳಿತು. ಎಷ್ಟು ವಿನಯ ಎಂದುಕೊಂಡು ಹೂಂ ಎಂದೆ.

ಬ್ರೌಸರ್ ಮುಚ್ಚಿ ತೆರೆದೆ. ಪರದೆಯ ತುಂಬ ಸಣ್ಣ ಸಣ್ಣ ಚೌಕಗಳು. ಮೆನುವಿನಲ್ಲೂ ಚೌಕ, ಪುಟದಲ್ಲೂ ಚೌಕ. ನಾನೇನೂ ಗಾಬರಿಯಾಗಲಿಲ್ಲ. ನಾವೂ ಬೋರ್ಡು ಬರೆಯುವ ಮೊದಲು ಖಡುವಿನಿಂದ, ಅಂದರೆ ಸೀಮೆಸುಣ್ಣದಿಂದ, ಚೌಕ ಹೊಡೆದುಕೊಳ್ಳುತ್ತೇವೆ. ಯಂತ್ರಕ್ಕೆ ಕಸುಬು ಗೊತ್ತಿದೆ ಎಂದು ಮೆಚ್ಚಿ ಚಹಾ ಕುಡಿಯುತ್ತ ಕುಳಿತೆ.

ಹೆಂಡತಿ ಗಂಗವ್ವ ಬಂದು ನೋಡಿದಳು.

"ಇದೇನ್ರಿ, ಕಿಡಕಿ ಜಾಳಿಗಿ ಬರದೀರೇನು?"

"ಚೌಕ ಹೊಡಕೊಂಡೈತಿ. ಇನ್ನ ಅಕ್ಷರ ಬರೀತೈತಿ, ತಡಿ."

"ಯಾವಾಗ?"

"ಛಲೋ ಕೆಲಸಕ್ಕ ಹೊತ್ತು ಹಿಡೀತೈತಿ."

"ಹೌದಬಿಡ್ರಿ. ನೀವೂ ಗಿರಣಿ ಬೋರ್ಡಿಗೆ ಚೌಕಾ ಹೊಡದು ಮೂರು ತಿಂಗಳಾ ಬಿಟ್ಟಿದ್ರೆಲ್ಲ!"

ಸಿಟ್ಟು ನೆತ್ತಿಗೇರಿತು. ಅವಳ ತಮ್ಮನಿಗೇ ಫೋನು ಹಚ್ಚಿದೆ.

"ಎಂಥಾ ಮಾಲು ಹಾಕೀಯೋ? ಪುಕ್ಕಟ್ಟೆ ಸಿಗತೈತಿ ಅಂತ ಲಿನಕ್ಸ್ ಹಾಕಿದಿ, ಅಕ್ಷರ ಎಲ್ಲಾ ಉದುರಿ ಬಿದ್ದಾವ!"

"ಮಾಮಾ, ಸಿಟ್ಟಾಗಬ್ಯಾಡ್ರಿ. ನೀವ ಏನರ ತಗದೀರೇನು?"

"ನಾನಾ? ಮುಟ್ಟೇ ಇಲ್ಲ! ಬರದಿದ್ರ ಬರೂದಿಲ್ಲಂತ ಹೇಳಬೇಕಪಾ. ಇನ್ನ ಮ್ಯಾಲೆ ನಮ್ಮ ಮನ್ಯಾಗ ಯಾವುದಕ್ಕೂ ಕೈ ಹಚ್ಚಬ್ಯಾಡ!"

ಫೋನು ಇಟ್ಟು ತಿರುಗಿದರೆ ಗಂಗವ್ವನ ಮುಖ ಇಳಿದಿತ್ತು.

"ನಾಳಿದ್ದ ಪಂಚಮಿ. ನಾಳೆ ಮುಂಜಾನೆ ನನ್ನ ಕರ್ಯಾಕ ಬರಾಂವಗ ಹಿಂಗ ಅಂದ್ರ್ಯಾ?"

ನಮ್ಮ ಕಡೆ ನಾಗರ ಪಂಚಮಿಗೆ ತವರಿನವರು ಬಂದು ಕರೆದುಕೊಂಡು ಹೋಗಬೇಕು. ಮದುವೆಯಾದಾಗಿನಿಂದ ಅವನು ಒಂದು ವರ್ಷವೂ ತಪ್ಪಿಸಿರಲಿಲ್ಲ.

"ಬರಲಿಲ್ಲಂದ್ರ ನಾನ ಬಸ್ಸಿಗೆ ಹತ್ತಸ್ತೇನಿ" ಎಂದೆ.

"ಕರೀದ ಹೋಗಾಕ ನಾ ಏನ್ ಪಾರ್ಸಲ್ಲೇನ್ರಿ?"

ಕಟ್ಟಿಟ್ಟಿದ್ದ ಚೀಲ ಬಿಚ್ಚಿ ಒಂದೊಂದೇ ಸೀರೆ ತೆಗೆದು ಟ್ರಂಕಿಗೆ ಹಾಕತೊಡಗಿದಳು. ಬೈದಿದ್ದರೆ ಸಹಿಸಬಹುದಿತ್ತು.

ತಪ್ಪಾಯಿತು ಎನ್ನಲು ಫೋನು ಕೈಗೆತ್ತಿಕೊಂಡೆ. ನಾಲ್ಕು ತಾಲ್ಲೂಕಿನ ಗೋಡೆ ತುಂಬಿಸಿದವನಿಗೆ ಆ ಒಂದು ಮಾತು ಬಾಯಿಂದ ಹೊರಡಲಿಲ್ಲ. ಅದರ ಬದಲು ಕಂಪ್ಯೂಟರನ್ನೇ ಸರಿಮಾಡಿ ಮಾನ ಉಳಿಸಿಕೊಳ್ಳೋಣವೆಂದು ಅಕ್ಷರದ ಗಾತ್ರ ಹಿಗ್ಗಿಸುತ್ತ ಹೋದೆ. ಕೊನೆಗೆ ಪರದೆಯ ಮೇಲೆ ಉಳಿದದ್ದು ಒಂದೇ ಚೌಕ. ಕೇರಂ ಬೋರ್ಡಿನಷ್ಟು!

ಮರುದಿನ ಬೆಳಗಾಯಿತು. ಗಂಗವ್ವ ಕಸ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತ ಬಾಗಿಲಲ್ಲೇ ಇದ್ದಳು. ಮೊದಲ ಬಸ್ಸಿನ ಹೊತ್ತು ಮೀರಿತು. ನಾನು ಪೇಪರ್ ಹಿಡಿದು ಕುಳಿತಿದ್ದೆ. ತಲೆಕೆಳಗಾಗಿ ಹಿಡಿದಿದ್ದೆ ಎಂದು ಆಮೇಲೆ ತಿಳಿಯಿತು.

"ಅಕ್ಕಾ, ತಯಾರಾದಿಲ್ಲೋ?"

ಬಂದಿದ್ದ! ಆ ಧ್ವನಿ ಕೇಳಿ ನನ್ನ ಎದೆಯ ಮೇಲಿಂದ ಕ್ವಿಂಟಲ್ ಚೀಲ ಇಳಿಸಿದಂತಾಯಿತು. ಮೊದಲ ಬಸ್ಸು, ಯಾಲಕ್ಕಿಶೆಟ್ಟರದು, ತಪ್ಪಿತಂತೆ, ಇನ್ನೊಂದಕ್ಕೆ ನಿಂತುಕೊಂಡೇ ಬಂದನಂತೆ. ಚಹಾ ಆಗುವಷ್ಟರಲ್ಲಿ ಕಂಪ್ಯೂಟರ್ ಮುಂದೆ ಕುಳಿತ. ಕಸದ ಬುಟ್ಟಿ ತೆರೆದ. ಅಕ್ಷರಗಳೆಲ್ಲ ಅಲ್ಲೇ ಬಿದ್ದಿದ್ದವು, ಯಾರು ಹಾಕಿದರೆಂದು ಹೇಳಲು ಪೊಲೀಸರು ಬೇಕಿರಲಿಲ್ಲ. ಅವನು ನನ್ನ ಕಡೆ ಒಮ್ಮೆ ನೋಡಿದ. ನಾನು ಸೂರು ನೋಡಿದೆ.

ಎಲ್ಲವನ್ನೂ ಮೊದಲಿನ ಜಾಗಕ್ಕೆ ಹಾಕಿದ.

"ಪುಟದ ಅಕ್ಷರಕ್ಕ ಬ್ರೌಸರಿನ ಸೆಟ್ಟಿಂಗ್ ರಿ, ಮಾಮಾ. ಮೆನುದ್ದು ಕಂಪ್ಯೂಟರಿನ ಸೆಟ್ಟಿಂಗ್‌ನ್ಯಾಗ ಇರತೈತಿ" ಎಂದು ಅದನ್ನೂ ಬದಲಿಸಿದ. ಮೆನು, ಪುಟ ಎರಡೂ ಒಂದೇ ಕೈಯ ಅಕ್ಷರವಾದವು. ಏನು ಚೆಂದ!

"ಏನಾಗಿತ್ತೋ?" ಗಂಗವ್ವ ಕೇಳಿದಳು.

"ಏನಿಲ್ಲ ಅಕ್ಕಾ. ನಂದ ತಪ್ಪು. ಆವಾಗ ನಾ ಸರಿ ಹಾಕಿದ್ದಿಲ್ಲ."

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಟ್ಟೆ ಕೂಡ.

"ಇರ್ಲಿ ಬಿಡೋ, ಮನುಷ್ಯಾರಂದ ಮ್ಯಾಲೆ ತಪ್ಪಾಗತಾವ" ಎಂದು ಅವನ ಬೆನ್ನು ತಟ್ಟಿದೆ!

ಅಕ್ಕ ತಮ್ಮ ನಗುತ್ತ ಬಸ್‌ಸ್ಟ್ಯಾಂಡಿಗೆ ಹೋದರು. ಅವಳ ಪಂಚಮಿ ಉಳಿಯಿತು, ನನ್ನ ಮೆನುವೂ ದುಂಡಗಾಯಿತು. ತವರಿನಲ್ಲಿ ಗಂಗವ್ವ, "ನಮ್ಮನಿಯವರು ಸಿಟ್ಟಿನವರ ಖರೆ, ಆದ್ರ ಮನಸು ದೊಡ್ಡದು, ಕ್ಷಮಾ ಮಾಡಿಬಿಟ್ರು" ಎಂದು ಎಲ್ಲರಿಗೂ ಹೇಳಿ ಬಂದಿದ್ದಾಳೆ. ಅಲ್ಲಿಗೆ ಹೋದರೆ ಈಗ ನನಗೆ ಮೊದಲ ಎಲೆ. ಅದೇ ಪಂಕ್ತಿಯಲ್ಲಿ, ನನ್ನಿಂದ ಕ್ಷಮೆ ಪಡೆದವನಾಗಿ, ತುಪ್ಪದ ಗಿಂಡಿ ಹಿಡಿದು ನನಗೇ ಬಡಿಸುತ್ತ ಓಡಾಡುವವನು ಶಿವಪುತ್ರಪ್ಪ.