ಗೇಟಿನಾಚೆಯ ಬೀಡಿ

ನನ್ನ ಸೋದರಮಾವನ ಮುರಿದ ತೊಡೆಮೂಳೆಯನ್ನು ಜೋಡಿಸಿದ್ದು ಡಾಕ್ಟರು, ಆದರೆ ನಡೆಸಿದ್ದು ಬೀಡಿ! ನಗಬೇಡಿ, ನಾನು ಕಣ್ಣಾರೆ ಕಂಡವನು.

ಮಾವ ನಾವುಂದದ ಮೀನುಗಾರರು. ನಲವತ್ತು ವರ್ಷ ಕಡಲಲ್ಲಿ ಬೀಳದವರು ಮನೆಯ ಬಚ್ಚಲಲ್ಲಿ ಜಾರಿಬಿದ್ದರು. ಕುಂದಾಪುರದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಎಚ್ಚರವಾದಾಗ ಕಾಲು ಹೇಗಿದೆ ಎಂದು ಕೇಳಬೇಕಲ್ಲವೇ? ಬೀಡಿ ಎಲ್ಲಿ ಎಂದು ಕೇಳಿದರು. ಎದುರಿಗೇ 'ಧೂಮಪಾನ ನಿಷೇಧ' ಎಂಬ ಫಲಕವಿತ್ತು. ಅದನ್ನು ನಿಧಾನವಾಗಿ ಓದಿ, "ಅದ್ ಪೇಷಂಟ್ ಕಾಂಬುಕ್ ಬಂದವ್ರಿಗೆ, ಪೇಷಂಟಿಗಲ್ಲ" ಎಂದು ತೀರ್ಪು ಕೊಟ್ಟರು.

ಮರುದಿನ ದಿಂಬಿನಡಿಯಿಂದ ಬೆಂಕಿಪೊಟ್ಟಣ ಹೊರಬಂತು. ಸಿಸ್ಟರ್ ಓಡಿ ಬಂದರು.

"ಡೀಸೆಲ್ ಡ್ರಮ್ಮಿನ ಬುಡದಲ್ಲ್ ಕೂಕಂಡ್ ಸೇದ್ದವ ನಾನ್. ಇಲ್ಲ್ ಎಂತ ಸುಟ್ಟ್ ಹೋತ್?"

"ಪಕ್ಕದ ಬೆಡ್ಡಿಗೆ ಆಕ್ಸಿಜನ್ ಹಾಕಿತ್ತ್ ಅಜ್ಜ. ನೀವ್ ಕಡ್ಡಿ ಗೀರಿರೆ ನಾವೆಲ್ಲ ಒಟ್ಟಿಗೇ ಡಿಸ್ಚಾರ್ಜ್."

ಬೆಂಕಿಪೊಟ್ಟಣ ಜಪ್ತಿಯಾಯಿತು. ಮಾವ ಗೋಡೆಯ ಕಡೆ ತಿರುಗಿ ಮಲಗಿದರು. ನಡೆಯಲು ಕೊಟ್ಟ ವಾಕರ್ ಅವರ ಬೈರಾಸು ಒಣಗಿಸುವ ಸ್ಟ್ಯಾಂಡ್ ಆಯಿತು. ಡಾಕ್ಟರು ಅತ್ತೆಯನ್ನು ಹೊರಗೆ ಕರೆದು, ಈ ವಾರ ನಡೆಯದಿದ್ದರೆ ಮುಂದೆ ಏಳುವುದೇ ಕಷ್ಟ ಎಂದರು. ಅತ್ತೆಯ ಮುಖ ಬಾಡಿಹೋಯಿತು.

ಈ ಅತ್ತೆ ಯಾರೆಂದುಕೊಂಡಿರಿ? ಮಾವನ ಬೀಡಿ ಕಟ್ಟುಗಳನ್ನು ಒಲೆಗೆ ಹಾಕುತ್ತಲೇ ಸಂಸಾರ ಮಾಡಿದವರು. ಅಂಥವರು ಮರುದಿನ ತಾವೇ ಒಂದು ಕಟ್ಟು ಬೀಡಿ ಕೊಂಡರು! ನನಗೆ ತಲೆ ತಿರುಗಿತು.

"ನಿಮ್ಮ ಬೀಡಿ ಗೇಟಿನಾಚೆ ಚಾ ಅಂಗ್ಡಿಯಲ್ಲಿತ್ತ್" ಎಂದರು ಮಾವನಿಗೆ. "ದಿನಕ್ಕ್ ಒಂದೇ. ಬೇರೆಯರ್ ಕೇಂಡ್ರೆ ಕೊಡುದಿಲ್ಲೆ. ಬೇಕಾರೆ ನಡ್ಕಂಡ್ ಹೋಯ್ನಿ."

ಮಾವ ಎದ್ದರು. ಮೊದಲ ದಿನ ಬೈಯುತ್ತಾ ವಾರ್ಡಿನ ಬಾಗಿಲವರೆಗೆ, ಮರುದಿನ ಕಾರಿಡಾರಿನ ಬೆಂಚಿನವರೆಗೆ. ನಾಲ್ಕನೇ ದಿನ ವಾಕರ್ ಹಿಡಿದು ಗೇಟು ದಾಟಿದರು. ಆಮೇಲೆ ದಿನವೂ ಅದೇ ಯಾತ್ರೆ. ಡಾಕ್ಟರು ವಾರ್ಡಿಗೆಲ್ಲ ಅವರನ್ನೇ ಉದಾಹರಣೆ ಕೊಟ್ಟು, ಗುಟ್ಟೇನೆಂದು ಕೇಳಿದರು. "ಬಂಗ್ಡಿ ತಿಂದ್ ಬೆಳದ್ ಕಾಲ್" ಎಂದರು ಮಾವ, ಮುಖದಲ್ಲಿ ಒಂದಿಷ್ಟೂ ನಾಚಿಕೆಯಿಲ್ಲದೆ.

ಡಿಸ್ಚಾರ್ಜ್ ದಿನ ಉಳಿದ ಬೀಡಿ ತರಲು ಅತ್ತೆ ನನ್ನನ್ನು ಕಳಿಸಿದರು. ಅಂಗಡಿಯವನು ಕೊಟ್ಟ ಕಟ್ಟಿನಲ್ಲಿ ಒಂದೇ ಒಂದು ಬೀಡಿ ಕಡಿಮೆ ಇತ್ತು. "ದಿನಾ ಬತ್ತಿದ್ರ್, ಚಾ ಕುಡ್ದ್ ಹೋತಿದ್ರ್" ಎಂದ.

ನಾನು ಮಾವನನ್ನು ಮೆಲ್ಲಗೆ ಕೇಳಿದೆ.

"ಮೊದ್ಲ್ ಗೇಟ್ ದಾಟಿದ್ ದಿನ ಹಚ್ದೆ ಮಾರಾಯ. ತಿರ್ಗಿ ಕಂಡ್ರೆ ನಿನ್ನತ್ತೆ ಕಿಟಕಿ ಹತ್ರ ನಿತ್ಕಂಡ್ ಕಣ್ಣ್ ಒರ್ಸ್ಕಂತಾ ಮರ್ಕ್ತಾ ಇದ್ಲ್, ನಾನ್ ನಡದ್ ಖುಷಿಗೆ. ಮತ್ತೆ ಸೇದುಕ್ ಮನ್ಸ್ ಬರ್ಲಿಲ್ಲೆ."

"ಹಾಂಗಾರೆ ದಿನಾ ಹೋದದ್ದೆಂತಕ್ಕೆ?"

"ನಾನ್ ಹೋಗ್ದೆ ಇದ್ರೆ ಅವ್ಳ್ ಕಿಟಕಿ ಹತ್ರ ನಿತ್ಕಂಡ್ ಯಾರನ್ ಕಾಂಬುದ್?" ಎಂದವರು ದನಿ ತಗ್ಗಿಸಿದರು. "ಅವ್ಳಿಗ್ ಹೇಳ್ಬ್ಯಾಡ. ತನ್ನ ಉಪಾಯದಿಂದ್ಲೇ ನಾನ್ ನಡ್ದೆ ಅಂತ ಅವ್ಳಿಗ್ ಖುಷಿ ಇತ್ತ್. ಹಾಂಗೇ ಇರ್ಲಿ."

ಅಷ್ಟರಲ್ಲಿ ಅತ್ತೆ ಬಂದು, "ಬೀಡಿ ಎಷ್ಟ್ ಉಳ್ದಿತ್ತ್? ನಾಳೆಯಿಂದ ಇದನ್ ಕಡಲ್ ಬದಿ ಅಂಗ್ಡಿಯಲ್ಲ್ ಇಡ್ಕ್. ಅದಿನ್ನೂ ದೂರ" ಎಂದು ಕೈ ಚಾಚಿದರು.

ಜನ್ಮದಲ್ಲಿ ಬೀಡಿ ಮುಟ್ಟದ ನಾನು, ಅವರಿಗೆ ಕಾಣದಂತೆ, ದಿನಕ್ಕೊಂದರ ಲೆಕ್ಕ ಹಾಕಿ, ಕಟ್ಟಿನಿಂದ ಒಂದು ಹಿಡಿ ಬೀಡಿ ಎಳೆದು ಜೇಬಿಗೆ ತುರುಕಿಕೊಂಡು, ಉಳಿದದ್ದನ್ನು ಅವರ ಕೈಗಿಟ್ಟೆ.